ಸೂಟಿಯ ಪ್ರವಾಸ: ಮಗುವಿನ ಚೀಲವನ್ನು ಮಗುವೇ ತುಂಬಲಿ

‘ದೇಶ ಸುತ್ತಬೇಕು, ಇಲ್ಲವೇ ಕೋಶ ಓದಬೇಕು’ ಎಂಬುದು ನಮ್ಮ ಹಿರಿಯರ ಮಾತು. ಬೇಸಿಗೆ ಸೂಟಿ ಬಂತೆಂದರೆ ಅನೇಕ ಮನೆಗಳಲ್ಲಿ ಈ ಎರಡರ ನಡುವೆ ಜಗಳ ಹತ್ತುತ್ತದೆ. ಏಪ್ರಿಲ್ ಎರಡನೇ ವಾರಕ್ಕೆ ಶಾಲೆ ಮುಚ್ಚುತ್ತದೆ. ಮೇ ತಿಂಗಳ ಕೊನೆಯವರೆಗೆ ಮಕ್ಕಳು ಮನೆಯಲ್ಲಿರುತ್ತಾರೆ. ಬಸವಕಲ್ಯಾಣ, ಹುಮನಾಬಾದ್ ಸುತ್ತಲಿನ ಕುಟುಂಬಗಳು ತುಳಜಾಪುರಕ್ಕೋ ಪಂಢರಪುರಕ್ಕೋ ಗಾಣಗಾಪುರಕ್ಕೋ ಹೊರಡುತ್ತವೆ. ಕೆಲವರು ಹೈದರಾಬಾದಿಗೆ ಹೋಗಿ ನಾಲ್ಕು ದಿನ ತಿರುಗಾಡಿ ಬರುತ್ತಾರೆ. ಹೆಚ್ಚಿನವರಿಗೆ ಪ್ರವಾಸವೆಂದರೆ ತಾಯಿಯ ತವರಿಗೆ ಹೋಗಿ ಹದಿನೈದು ದಿನ ಇದ್ದು ಬರುವುದೇ ಆಗಿದೆ. ಅದೂ ಪ್ರವಾಸವೇ.

ಹೊರಡುವ ಮುನ್ನ ಕೆಲವು ತಾಯಂದಿರು ಕ್ಲಿನಿಕ್ಕಿಗೆ ಬರುತ್ತಾರೆ. “ಡಾಕ್ಟರ್ ಸಾಹೇಬರೇ, ಜ್ವರಕ್ಕೆ, ವಾಂತಿಗೆ, ಭೇದಿಗೆ ಏನೇನು ಒಯ್ಯಬೇಕು ಬರೆದುಕೊಡಿ” ಎಂದು ಕೇಳುತ್ತಾರೆ. ಇದು ಜಾಣತನದ ಪ್ರಶ್ನೆ. ನಾನು ಚೀಟಿ ಬರೆಯುತ್ತಲೇ, “ಮಗು ತನಗಾಗಿ ಏನು ಒಯ್ಯುತ್ತದೆ?” ಎಂದು ಕೇಳುತ್ತೇನೆ. ಸಾಮಾನ್ಯವಾಗಿ ಎರಡು ಬಗೆಯ ಉತ್ತರ ಬರುತ್ತವೆ. ಒಂದು, “ಅದಕ್ಕೇನು ಬೇಕ್ರೀ, ಮೊಬೈಲ್ ಕೊಟ್ಟರೆ ಸುಮ್ಮನೆ ಕೂಡುತ್ತದೆ.” ಇನ್ನೊಂದು, “ಮುಂದಿನ ವರ್ಷದ ಗಣಿತದ ಪುಸ್ತಕ ಇಟ್ಟಿದ್ದೇವೆ, ದಿನಕ್ಕೆ ಎರಡು ಪುಟ ಮಾಡಿಸುತ್ತೇವೆ.”

ಮೊದಲನೆಯ ಮನೆಯಲ್ಲಿ ಮಗು ಸಾಮಾನಿನ ಗಂಟಿನಂತೆ ಊರೂರು ಸಾಗುತ್ತದೆ. ಎರಡನೆಯ ಮನೆಯಲ್ಲಿ ಶಾಲೆಯೇ ಮಗುವಿನ ಬೆನ್ನು ಹತ್ತಿ ಪ್ರವಾಸಕ್ಕೆ ಬರುತ್ತದೆ. ಇವೆರಡೂ ಮಗುವಿನ ಆರೋಗ್ಯಕ್ಕೆ ಹಿತವಲ್ಲ. ಮೂರನೆಯ ದಾರಿಯೊಂದಿದೆ. ಮಗುವಿಗೆ ಒಂದು ಚಿಕ್ಕ ಬಟ್ಟೆಯ ಚೀಲ ಕೊಡಿ. ತನಗೆ ಪ್ರೀತಿಯಾದ ಕಲಿಕೆಯ ಅಥವಾ ಹವ್ಯಾಸದ ಸಾಮಗ್ರಿಯನ್ನು ಅದು ತಾನೇ ಆರಿಸಿ ತುಂಬಿಕೊಳ್ಳಲಿ. ಚಿತ್ರ ಬರೆಯುವ ವಹಿ, ಕಥೆಯ ಪುಸ್ತಕ, ಚದುರಂಗದ ಕಾಯಿ, ನಾಣ್ಯಗಳ ಡಬ್ಬಿ, ದಾರ-ಸೂಜಿ, ಎಲೆ ಅಂಟಿಸುವ ಪುಸ್ತಕ, ಏನಾದರೂ ಆಗಬಹುದು. ಔಷಧಿಯ ಚೀಲದಷ್ಟೇ ಮುಖ್ಯವಾದ ಈ ಚೀಲದ ಬಗ್ಗೆ ಪಾಲಕರ ಗಮನ ಸೆಳೆಯುವುದೇ ಈ ವಾರದ ಲೇಖನದ ಉದ್ದೇಶ.

ಹೊಟ್ಟೆನೋವು, ತಲೆನೋವು ಮತ್ತು ಮನಸ್ಸು

ಇದರಲ್ಲಿ ವೈದ್ಯನಿಗೇನು ಕೆಲಸ ಎಂದು ನೀವು ಕೇಳಬಹುದು. ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಲ್ಲಿ ಪದೇಪದೇ ಕಾಣುವ ಹೊಟ್ಟೆನೋವು, ತಲೆನೋವುಗಳಲ್ಲಿ ಬಹುಪಾಲಿಗೆ ಪರೀಕ್ಷೆ ಮಾಡಿದರೂ ದೇಹದಲ್ಲಿ ಯಾವ ರೋಗವೂ ಸಿಗುವುದಿಲ್ಲ. ಹಾಗೆಂದು ಮಗು ನಾಟಕ ಮಾಡುತ್ತಿದೆ ಎಂದಲ್ಲ. ನೋವು ನಿಜವಾದದ್ದೇ. ಮಿದುಳಿಗೂ ಕರುಳಿಗೂ ನರಗಳ ಮೂಲಕ ಸದಾ ಸಂಪರ್ಕವಿರುತ್ತದೆ. ಮನಸ್ಸು ಬಿಗಿಯಾದಾಗ ಕರುಳಿನ ಚಲನೆ ಏರುಪೇರಾಗುತ್ತದೆ, ಸಣ್ಣ ಸೆಳೆತವೂ ದೊಡ್ಡ ನೋವಾಗಿ ತೋರುತ್ತದೆ. ಪರೀಕ್ಷೆಯ ದಿನಗಳಲ್ಲಿ ಇಂಥ ಮಕ್ಕಳು ಹೆಚ್ಚಾಗಿ ಬರುತ್ತಾರೆ, ಸೂಟಿಯಲ್ಲಿ ಕಡಿಮೆಯಾಗುತ್ತಾರೆ. ಆದರೆ ಸೂಟಿಯಲ್ಲೂ ಕೋಚಿಂಗ್ ತರಗತಿಗೆ ಹೋಗುವ, ಪ್ರವಾಸದಲ್ಲೂ ಮಗ್ಗಿ ಒಪ್ಪಿಸುವ ಮಕ್ಕಳಿಗೆ ಈ ಬಿಡುವು ಸಿಗುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ರಾತ್ರಿ ನಿದ್ದೆಯಿಂದ ಎಬ್ಬಿಸುವ ಹೊಟ್ಟೆನೋವು, ಹೊಟ್ಟೆಯ ಬಲಭಾಗದ ಕೆಳಗೆ ಒಂದೇ ಕಡೆ ಹಿಡಿದ ನೋವು, ಜ್ವರ, ಬಿಡದ ವಾಂತಿ, ಮಲದಲ್ಲಿ ರಕ್ತ, ತೂಕ ಇಳಿಯುವುದು, ಬೆಳಗ್ಗೆ ಏಳುತ್ತಲೇ ತಲೆನೋವಿನೊಂದಿಗೆ ವಾಂತಿ, ಇವುಗಳಲ್ಲಿ ಒಂದು ಕಂಡರೂ ಅದನ್ನು ಮನಸ್ಸಿನ ನೋವೆಂದು ತಳ್ಳಿಹಾಕದೆ ಕೂಡಲೇ ವೈದ್ಯರಿಗೆ ತೋರಿಸಬೇಕು.

ಉಳಿದ ಮಕ್ಕಳಿಗೆ ಬೇಕಾದದ್ದು ವಿಶ್ರಾಂತಿ. ವಿಶ್ರಾಂತಿಯೆಂದರೆ ಸುಮ್ಮನೆ ಮಲಗುವುದು ಎಂದು ದೊಡ್ಡವರು ತಿಳಿಯುತ್ತಾರೆ. ಮಕ್ಕಳಿಗೆ ಹಾಗಲ್ಲ. ಎಂಟು ವರ್ಷದ ಹುಡುಗ ಮಣ್ಣಿನ ಎತ್ತು ಮಾಡುತ್ತ ಒಂದು ತಾಸು ಕುಳಿತರೆ ಆ ಒಂದು ತಾಸೂ ಅವನಿಗೆ ವಿಶ್ರಾಂತಿಯೇ. ಅಲ್ಲಿ ಅವನನ್ನು ಯಾರೂ ಅಳೆಯುವುದಿಲ್ಲ, ತಪ್ಪಾದರೆ ಅಂಕ ಕಳೆಯುವುದಿಲ್ಲ. ಮೊಬೈಲಿನ ಮುಂದೆ ಕೂತ ಮಗುವೂ ಸುಮ್ಮನಿರುತ್ತದೆ, ನಿಜ. ಆದರೆ ಅದರ ಕೈಗೆ ಕೆಲಸವಿಲ್ಲ, ಕಾಲಿಗೆ ಚಲನೆಯಿಲ್ಲ, ಕಣ್ಣಿಗೆ ಮಾತ್ರ ಬಿಡುವಿಲ್ಲ. ಹೊಸ ಊರಿಗೆ ಬಂದೂ ಅದು ಊರನ್ನು ನೋಡುವುದಿಲ್ಲ.

ಹೊರೆ ಎಂದರೆ ಯಾವುದು?

ಮಕ್ಕಳ ಬೆನ್ನಿನ ಹೊರೆಯ ಬಗ್ಗೆ ನಮ್ಮ ದೇಶದಲ್ಲಿ ಬಹಳ ಕಾಲದಿಂದ ಮಾತು ನಡೆದಿದೆ. ಮೈಸೂರಿನ ಲೇಖಕ ಆರ್.ಕೆ. ನಾರಾಯಣ್ ಅವರು ರಾಜ್ಯಸಭೆಯ ನಾಮಕರಣ ಸದಸ್ಯರಾಗಿದ್ದಾಗ ತಮ್ಮ ಮೊದಲ ಭಾಷಣವನ್ನು ಶಾಲಾ ಮಕ್ಕಳ ಭಾರವಾದ ಚೀಲದ ವಿಷಯಕ್ಕೇ ಮೀಸಲಿಟ್ಟರು. ಅನಂತರ ವಿಜ್ಞಾನಿ ಪ್ರೊ. ಯಶಪಾಲ್ ಅವರ ಅಧ್ಯಕ್ಷತೆಯ ಸಮಿತಿ 1993ರಲ್ಲಿ ವರದಿ ಕೊಟ್ಟಿತು. ಚೀಲದ ಭಾರಕ್ಕಿಂತಲೂ ಅರ್ಥವಾಗದೆ ಕಲಿಯುವ ಭಾರವೇ ಮಕ್ಕಳನ್ನು ಹೆಚ್ಚು ಕುಗ್ಗಿಸುತ್ತದೆ ಎಂಬುದು ಆ ವರದಿಯ ಮುಖ್ಯ ಅಭಿಪ್ರಾಯ. 2020ರ ಕೇಂದ್ರದ ಶಾಲಾ ಚೀಲ ನೀತಿಯ ಪ್ರಕಾರ ಚೀಲದ ತೂಕ ಮಗುವಿನ ತೂಕದ ಶೇ. 10ನ್ನು ಮೀರಬಾರದು.

ಯಶಪಾಲ್ ಸಮಿತಿಯ ಮಾತನ್ನು ಪ್ರವಾಸಕ್ಕೂ ಅನ್ವಯಿಸಬಹುದು. ಮಗು ತಾನೇ ಬಯಸಿ ಒಯ್ದ ದಪ್ಪ ಕಥೆಪುಸ್ತಕ ಅದಕ್ಕೆ ಭಾರವೆನಿಸುವುದಿಲ್ಲ. ತಂದೆ ಇಟ್ಟ ತೆಳ್ಳಗಿನ ಪ್ರಶ್ನೋತ್ತರ ಮಾಲಿಕೆ ಭಾರವೆನಿಸುತ್ತದೆ. ಚೀಲದಲ್ಲಿ ಏನಿದೆ ಎನ್ನುವುದಕ್ಕಿಂತ ಅದನ್ನು ಇಟ್ಟವರು ಯಾರು ಎನ್ನುವುದು ಮುಖ್ಯ.

ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ವಿಶ್ರಾಂತಿ, ಬಿಡುವು ಮತ್ತು ಆಟವನ್ನು ಮಗುವಿನ ಹಕ್ಕು ಎಂದು ಒಪ್ಪಿಕೊಂಡಿದೆ. ಭಾರತ 1992ರಲ್ಲಿ ಇದಕ್ಕೆ ಸೇರಿತು. ಆದ್ದರಿಂದ ಸೂಟಿಯಲ್ಲಿ ಮಗು ತನಗಿಷ್ಟವಾದದ್ದನ್ನು ಮಾಡುವುದು ನಾವು ಕೊಡುವ ಬಹುಮಾನವಲ್ಲ ಎಂಬುದನ್ನು ಪಾಲಕರು ಮರೆಯಬಾರದು.

ಬಹುಮಾನದಿಂದ ಕಳೆದುಹೋಗುವ ಪ್ರೀತಿ

“ಆಯಿತು, ಚಿತ್ರದ ವಹಿ ಒಯ್ಯಲಿ. ದಿನಕ್ಕೊಂದು ಚಿತ್ರ ಬರೆದರೆ ಐಸ್‌ಕ್ರೀಮ್ ಕೊಡಿಸುತ್ತೇವೆ” ಎನ್ನುವ ಪಾಲಕರೂ ಇದ್ದಾರೆ. ಉದ್ದೇಶ ಒಳ್ಳೆಯದು. ಆದರೆ ಪರಿಣಾಮ ವಿರುದ್ಧವಾಗಬಹುದು. 1973ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ನಡೆದ ಪ್ರಯೋಗವೊಂದು ಬಹಳ ಪ್ರಸಿದ್ಧವಾಗಿದೆ. ಚಿತ್ರ ಬಿಡಿಸುವುದನ್ನು ಮೊದಲೇ ಇಷ್ಟಪಡುತ್ತಿದ್ದ ಚಿಕ್ಕ ಮಕ್ಕಳನ್ನು ಮೂರು ಗುಂಪು ಮಾಡಿದರು. ಮೊದಲ ಗುಂಪಿಗೆ, ಚಿತ್ರ ಬರೆದರೆ ಪ್ರಶಸ್ತಿಪತ್ರ ಸಿಗುತ್ತದೆ ಎಂದು ಮುಂಚೆಯೇ ಹೇಳಿದರು. ಎರಡನೆಯ ಗುಂಪಿಗೆ ಮುಂಚೆ ಹೇಳದೆ ಕೊನೆಯಲ್ಲಿ ಕೊಟ್ಟರು. ಮೂರನೆಯ ಗುಂಪಿಗೆ ಏನೂ ಕೊಡಲಿಲ್ಲ. ಕೆಲವು ದಿನಗಳ ಮೇಲೆ ಬಣ್ಣದ ಪೆನ್ನುಗಳನ್ನು ಮತ್ತೆ ಎಲ್ಲರ ಮುಂದೆ ಇಟ್ಟು ನೋಡಿದಾಗ, ಪ್ರಶಸ್ತಿಯ ಆಸೆ ತೋರಿಸಿದ್ದ ಮಕ್ಕಳು ಉಳಿದವರು ಕಳೆದ ವೇಳೆಯಲ್ಲಿ ಸುಮಾರು ಅರ್ಧದಷ್ಟನ್ನು ಮಾತ್ರ ಚಿತ್ರಕ್ಕೆ ಕೊಟ್ಟರು. ತಾವಾಗಿಯೇ ಸಂತೋಷದಿಂದ ಮಾಡುತ್ತಿದ್ದ ಕೆಲಸ ಅವರ ಪಾಲಿಗೆ ಕೂಲಿ ಕೆಲಸವಾಗಿಬಿಟ್ಟಿತ್ತು.

ಆದ್ದರಿಂದ ಮಗುವಿನ ಹವ್ಯಾಸಕ್ಕೆ ಬೆಲೆ ಕಟ್ಟಬೇಡಿ. ಬಂದ ನೆಂಟರ ಮುಂದೆ “ನಿನ್ನ ಚಿತ್ರ ತೋರಿಸು, ಹಾಡು ಹೇಳು” ಎಂದು ಒತ್ತಾಯಿಸಲೂ ಬೇಡಿ. ಮಗು ತಾನಾಗಿ ತೋರಿಸಿದರೆ ಎರಡು ನಿಮಿಷ ಕೆಲಸ ಬಿಟ್ಟು ನೋಡಿ, “ಈ ಮರದ ಕೆಳಗೆ ಕೂತವರು ಯಾರು?” ಎಂದು ಕೇಳಿ. ಅದಕ್ಕೆ ಅಷ್ಟು ಸಾಕು.

“ನಮ್ಮ ಮಕ್ಕಳು ಮೊದಲೇ ಹಿಂದೆ ಇದ್ದಾರೆ”

ಇದಕ್ಕೆ ಬಲವಾದ ಆಕ್ಷೇಪವೊಂದಿದೆ, ಅದನ್ನು ಹಗುರವಾಗಿ ನೋಡುವಂತಿಲ್ಲ. “ಡಾಕ್ಟರರೇ, ಬೆಂಗಳೂರು, ಉಡುಪಿಯ ಮಕ್ಕಳಿಗೆ ಇದೆಲ್ಲ ಸರಿ. ನಮ್ಮ ಭಾಗದ ಮಕ್ಕಳು ಓದಿನಲ್ಲಿ ಮೊದಲೇ ಹಿಂದೆ. ಸೂಟಿಯಲ್ಲಾದರೂ ಓದಿಸದಿದ್ದರೆ ಮುಂದೆ ಹೇಗೆ?” ಎಂದು ಪಾಲಕರು ಕೇಳುತ್ತಾರೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯಲ್ಲಿ 2024ರಲ್ಲಿ ಯಾದಗಿರಿ, 2025ರಲ್ಲಿ ಕಲಬುರಗಿ ಕೊನೆಯ ಸ್ಥಾನದಲ್ಲಿದ್ದವು. ಎರಡೂ ನಮ್ಮ ಕಲ್ಯಾಣ ಕರ್ನಾಟಕದ ಜಿಲ್ಲೆಗಳೇ. ಪಾಲಕರ ಆತಂಕಕ್ಕೆ ಆಧಾರವಿದೆ. ದೀರ್ಘ ಸೂಟಿಯಲ್ಲಿ ಪುಸ್ತಕವನ್ನೇ ಮುಟ್ಟದ ಮಗು ಕಲಿತದ್ದರಲ್ಲಿ ಒಂದಿಷ್ಟನ್ನು ಮರೆಯುತ್ತದೆ ಎಂಬುದೂ ನಿಜ.

ಆದರೆ ಇದಕ್ಕೆ ಔಷಧ ಯಾವುದು ಎಂದು ಯೋಚಿಸಿ. ಹತ್ತು ತಿಂಗಳು ಶಾಲೆಯಲ್ಲಿ ಓದಿ ಅರ್ಥವಾಗದ ಪಾಠವನ್ನು ನೆಂಟರ ಮನೆಯ ಪಡಸಾಲೆಯಲ್ಲಿ, ಬೈಗುಳದ ನಡುವೆ ಓದಿದರೆ ಅರ್ಥವಾಗುತ್ತದೆಯೇ? ಓದೆಂದರೆ ಶಿಕ್ಷೆ ಎಂಬ ಭಾವನೆ ಮಾತ್ರ ಗಟ್ಟಿಯಾಗುತ್ತದೆ. ಅದರ ಬದಲು ಮಗು ತಾನೇ ಆರಿಸಿದ ಕಥೆಪುಸ್ತಕ ಓದಿದರೆ ಓದುವ ವೇಗ, ಪದಗಳ ಪರಿಚಯ ಎರಡೂ ಉಳಿಯುತ್ತವೆ. ಬಸ್ಸಿನ ಟಿಕೆಟ್ ಲೆಕ್ಕ ಮಾಡುವುದು, ದಾರಿಯ ಮೈಲಿಗಲ್ಲು ನೋಡಿ ಇನ್ನೆಷ್ಟು ಕಿಲೋಮೀಟರ್ ಉಳಿಯಿತೆಂದು ಕಳೆಯುವುದು, ಅಜ್ಜನಿಗೆ ಪತ್ರಿಕೆ ಓದಿ ಹೇಳುವುದು, ಇವೆಲ್ಲ ಪಾಠವೇ. ನಮ್ಮ ಗಡಿಭಾಗದ ಮಕ್ಕಳಿಗೆ ಇನ್ನೊಂದು ಅನುಕೂಲವಿದೆ. ಮನೆಯಲ್ಲಿ ಕನ್ನಡ, ಬಜಾರದಲ್ಲಿ ಹಿಂದಿ-ಉರ್ದು, ಸೋಲಾಪುರದ ಕಡೆ ಹೋದರೆ ಮರಾಠಿ, ಜಹೀರಾಬಾದ್ ದಾಟಿದರೆ ತೆಲುಗು. ಹತ್ತು ವರ್ಷದ ಮಗು ದಾರಿಯಲ್ಲಿ ಕಂಡ ಅಂಗಡಿಯ ಬೋರ್ಡುಗಳಿಂದ ನಾಲ್ಕು ಲಿಪಿಗಳಲ್ಲಿ ತನ್ನ ಹೆಸರನ್ನು ಬರೆಯಲು ಕಲಿತರೆ ಅದು ಸಣ್ಣ ಕಲಿಕೆಯೇ?

ಮಗು ಒಂದು ವಿಷಯದಲ್ಲಿ ನಿಜಕ್ಕೂ ಹಿಂದಿದ್ದರೆ, ಪ್ರವಾಸದ ನಾಲ್ಕೈದು ದಿನ ಬಿಟ್ಟು, ಸೂಟಿಯ ಉಳಿದ ದಿನಗಳಲ್ಲಿ ಬೆಳಗಿನ ಒಂದು ತಾಸು ಅದಕ್ಕೆ ಕೊಡಿ. ಅದಕ್ಕೆ ನನ್ನ ವಿರೋಧವಿಲ್ಲ. ಪ್ರವಾಸದ ಚೀಲಕ್ಕೆ ಮಾತ್ರ ಅದನ್ನು ತುರುಕಬೇಡಿ. ಮಗು ತಾನಾಗಿಯೇ ಗಣಿತದ ಒಗಟಿನ ಪುಸ್ತಕ ಒಯ್ಯುತ್ತೇನೆಂದರೆ ಸಂತೋಷದಿಂದ ಒಯ್ಯಲಿ. “ಸೂಟಿಯಲ್ಲೂ ಓದೇ?” ಎಂದು ಅಂಥ ಮಗುವನ್ನು ನಗೆಪಾಟಲು ಮಾಡುವುದೂ ತರವಲ್ಲ.

ಕಲ್ಯಾಣದ ನೆಲದಲ್ಲಿಯೇ

ವಿನೋದ ಮತ್ತು ಆಟವನ್ನು ಗಂಭೀರ ವಿಷಯವೆಂದು ತಿಳಿಯಲು ನಾವು ಅಮೆರಿಕದವರೆಗೆ ಹೋಗಬೇಕಿಲ್ಲ. ಇಂದಿನ ಬಸವಕಲ್ಯಾಣ ಹಿಂದೆ ಚಾಲುಕ್ಯರ ರಾಜಧಾನಿಯಾಗಿತ್ತು. ಇಲ್ಲಿ ಆಳಿದ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥ ಬರೆದ. ತಲಾ 20 ಅಧ್ಯಾಯಗಳ ಐದು ಭಾಗ, ಒಟ್ಟು 100 ಅಧ್ಯಾಯಗಳ ಗ್ರಂಥವದು. ರಾಜ್ಯ ಪಡೆಯುವುದು, ಅದನ್ನು ಉಳಿಸಿಕೊಳ್ಳುವುದು ಮೊದಲಾದ ವಿಷಯಗಳ ಜೊತೆಗೆ ನಾಲ್ಕನೆಯ ಭಾಗವನ್ನು ಪೂರ್ತಿಯಾಗಿ ವಿನೋದಗಳಿಗೆ, ಐದನೆಯ ಭಾಗವನ್ನು ಕ್ರೀಡೆಗಳಿಗೆ ಮೀಸಲಿಟ್ಟಿದ್ದಾನೆ. ರಾಜ್ಯವಾಳುವವನೇ ತನ್ನ ಗ್ರಂಥದ ಐದರಲ್ಲಿ ಎರಡು ಪಾಲನ್ನು ಇದಕ್ಕೆ ಕೊಟ್ಟಿರುವಾಗ ನಾವು ಮಗುವಿಗೆ ಒಂದು ಕೈಚೀಲದಷ್ಟು ಜಾಗ ಕೊಡಲಾರೆವೇ?

ದೂರದ ಊರಿಗೆ ಹೋಗಲು ಹಣವಿಲ್ಲದ ಕುಟುಂಬಗಳು ಬೇಸರಪಡಬೇಕಾಗಿಲ್ಲ. ಹುಮನಾಬಾದ್ ಬಳಿಯ ಜಲಸಂಗ್ವಿಯ ದೇವಾಲಯದ ಗೋಡೆಯಲ್ಲಿ ಶಾಸನ ಬರೆಯುತ್ತಿರುವ ಶಿಲಾಬಾಲಿಕೆಯ ಶಿಲ್ಪವಿದೆ. ಅವಳು ಕೆತ್ತುತ್ತಿರುವುದು ಚಾಲುಕ್ಯ ವಿಕ್ರಮಾದಿತ್ಯನ ಹೊಗಳಿಕೆಯನ್ನು. ದೊಡ್ಡವರು ಐದು ನಿಮಿಷದಲ್ಲಿ ನೋಡಿ ಮುಗಿಸುತ್ತಾರೆ. ವಹಿ, ಸೀಸದಕಡ್ಡಿ ಹಿಡಿದ ಮಗು ಅರ್ಧ ತಾಸು ಕೂತು ಅವಳ ಕೈಬೆರಳು ಬರೆಯಲು ಪ್ರಯತ್ನಿಸುತ್ತದೆ. ಅದು ಆ ಶಿಲ್ಪವನ್ನು ಮರೆಯುವುದಿಲ್ಲ. “ಬೇಗ ನಡಿ, ಬಸ್ಸು ತಪ್ಪುತ್ತದೆ” ಎನ್ನುವ ಮೊದಲು ಆ ಅರ್ಧ ತಾಸನ್ನು ಲೆಕ್ಕದಲ್ಲಿ ಇಟ್ಟುಕೊಂಡೇ ಮನೆಯಿಂದ ಹೊರಡಿ.

ಬಸವಕಲ್ಯಾಣದ ಕೋಟೆಯಲ್ಲಿ ಬುರುಜುಗಳನ್ನು ಎಣಿಸಿ ನಕಾಶೆ ಬರೆಯಬಹುದು. ಬೀದರಿನಲ್ಲಿ 1472ರ ಮಹಮೂದ್ ಗಾವಾನನ ಮದರಸಾದ ಗೋಡೆಯ ಮೇಲೆ ಉಳಿದಿರುವ ಬಣ್ಣದ ಬಿಲ್ಲೆಗಳಲ್ಲಿ ಎಷ್ಟು ಆಕಾರಗಳಿವೆ ಎಂದು ಹುಡುಕಬಹುದು. ಬಿದರಿ ಕುಶಲಕರ್ಮಿಗಳು ಸತು ಮತ್ತು ತಾಮ್ರದ ಮಿಶ್ರಲೋಹದ ಮೇಲೆ ಬೆಳ್ಳಿಯ ತಂತಿ ಕೂಡಿಸಿ, ಕೋಟೆಯ ಮಣ್ಣು ಮತ್ತು ನವಸಾಗರದಿಂದ ಅದನ್ನು ಕಪ್ಪಾಗಿಸುತ್ತಾರೆ. ಲೋಹ ಕಪ್ಪಾದರೂ ಬೆಳ್ಳಿ ಬೆಳ್ಳಗೇ ಉಳಿಯುವುದೇಕೆ ಎಂದು ಮಗು ಕೇಳಿದರೆ, ವಿಜ್ಞಾನದ ಪಾಠ ಅಲ್ಲಿಯೇ ಶುರುವಾಯಿತು. ಬೀದರ್-ಕಲಬುರಗಿ ರೈಲು ಮಾರ್ಗ 2017ರಲ್ಲಿ ಪೂರ್ಣಗೊಂಡಿತು. ಹುಮನಾಬಾದಿನಿಂದ ಕಲಬುರಗಿಗೆ ರೈಲಿನಲ್ಲಿ ಹೋಗುವ ಮಗು ನಿಲ್ದಾಣಗಳ ಹೆಸರು ನೆನಪಿಟ್ಟುಕೊಂಡು, ಇಳಿದ ಮೇಲೆ ಸಾಲಾಗಿ ಬರೆಯಲಿ.

ಹುಡುಗಿಯ ಚೀಲ

ಇಲ್ಲಿ ಒಂದು ಮಾತನ್ನು ಬಿಚ್ಚಿ ಹೇಳಬೇಕು. ಸೂಟಿಯೆಂಬುದು ನಮ್ಮ ಮನೆಗಳಲ್ಲಿ ಗಂಡುಮಕ್ಕಳಿಗೆ ಸಿಕ್ಕಷ್ಟು ಹೆಣ್ಣುಮಕ್ಕಳಿಗೆ ಸಿಗುವುದಿಲ್ಲ. ಅಜ್ಜಿಯ ಊರಿಗೆ ಹೋದ ಹುಡುಗ ಕೆರೆಯ ದಂಡೆ, ಮಾವಿನ ಗಿಡ ಎಂದು ತಿರುಗುತ್ತಾನೆ. ಅವನ ಹತ್ತು ವರ್ಷದ ಅಕ್ಕ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡಿರುತ್ತಾಳೆ. ಇಲ್ಲವೇ ಸಂಡಿಗೆ, ಹಪ್ಪಳ ಕಾಯುತ್ತ ಮಾಳಿಗೆಯ ಮೇಲೆ ಬಿಸಿಲಲ್ಲಿ ಕುಳಿತಿರುತ್ತಾಳೆ. ಮನೆಗೆಲಸ ಕಲಿಯುವುದು ತಪ್ಪಲ್ಲ. ಅದನ್ನು ಇಬ್ಬರೂ ಕಲಿಯಲಿ. ಆದರೆ ಹದಿನೈದು ದಿನದ ಸೂಟಿಯಲ್ಲಿ ತನ್ನದೆಂದು ಹೇಳಿಕೊಳ್ಳಲು ಒಂದು ತಾಸೂ ಇಲ್ಲದ ಹುಡುಗಿ ಶಾಲೆಗೆ ದಣಿದೇ ಮರಳುತ್ತಾಳೆ.

ತಲೆನೋವು, ಸುಸ್ತು ಎಂದು ಜೂನ್ ತಿಂಗಳಲ್ಲಿ ಬರುವ ಹುಡುಗಿಯರಲ್ಲಿ ರಕ್ತಹೀನತೆ ಇದೆಯೇ ಎಂದು ನಾವು ನೋಡುತ್ತೇವೆ, ನೋಡಲೇಬೇಕು. ಹಾಗೆಯೇ ಅವಳ ಸೂಟಿ ಹೇಗೆ ಕಳೆಯಿತೆಂದು ಕೇಳುವುದೂ ಅಗತ್ಯ. ಆದ್ದರಿಂದ ಮನೆಯಲ್ಲಿ ಇಬ್ಬರು ಮಕ್ಕಳಿದ್ದರೆ ಚೀಲಗಳೂ ಎರಡಿರಲಿ. ಮಗಳ ಚೀಲದಲ್ಲಿ ಅವಳಿಗೆ ಬೇಕಾದದ್ದು ಇರಲಿ, ಅದು ಕಸೂತಿಯಾಗಲಿ, ಕ್ರಿಕೆಟ್ ಚೆಂಡಾಗಲಿ. ದಿನದ ಒಂದು ತಾಸು ಅವಳಿಗೆ ಯಾರೂ ಕೆಲಸ ಹೇಳಬಾರದೆಂದು ತಾಯಿಯೇ ತವರಿನಲ್ಲಿ ಮೊದಲು ತಿಳಿಸಿಬಿಡಲಿ. ಅಜ್ಜಿಯಂದಿರು ಇದನ್ನು ಒಪ್ಪುತ್ತಾರೆ. ಎಷ್ಟೋ ಅಜ್ಜಿಯರು ಮೊಮ್ಮಗಳ ಜೊತೆ ಕೂತು ಚೌಕಾಬಾರ, ಗಜಗದ ಆಟ ಆಡಿ ತಮ್ಮ ಬಾಲ್ಯ ನೆನೆಸಿಕೊಳ್ಳುತ್ತಾರೆ.

ಆರೋಗ್ಯದ ಕೆಲವು ಸೂಚನೆಗಳು

ಚೀಲ ತುಂಬುವುದು ಮಗುವಿನ ಕೆಲಸ. ಅದರಿಂದ ಅಪಾಯವಾಗದಂತೆ ನೋಡಿಕೊಳ್ಳುವುದು ಪಾಲಕರ ಕೆಲಸ. ಈ ಕೆಳಗಿನ ಸಂಗತಿಗಳು ನೆನಪಿರಲಿ.

1. ಓಡುವ ವಾಹನದಲ್ಲಿ ಓದು, ಬರಹ, ಚಿತ್ರ ಬೇಡ. ಒಳಗಿವಿ ‘ನಾವು ಚಲಿಸುತ್ತಿದ್ದೇವೆ’ ಎನ್ನುತ್ತದೆ, ಪುಸ್ತಕದ ಮೇಲೆ ನೆಟ್ಟ ಕಣ್ಣು ‘ಇಲ್ಲ’ ಎನ್ನುತ್ತದೆ. ಈ ತಾಳ ತಪ್ಪಿದ ಸಂದೇಶಗಳಿಂದ ತಲೆ ತಿರುಗಿ ವಾಂತಿ ಬರುತ್ತದೆ. 2ರಿಂದ 12 ವರ್ಷದ ಮಕ್ಕಳಲ್ಲಿ ಇದು ಹೆಚ್ಚು. ಮೊಬೈಲ್ ನೋಡಿದರೂ ಹೀಗೆಯೇ ಆಗುತ್ತದೆ. ಮಗುವನ್ನು ಬಸ್ಸಿನ ಮುಂಭಾಗದಲ್ಲಿ ಕೂಡಿಸಿ, ದೂರದ ಗುಡ್ಡ, ಗಿಡ ನೋಡಲು ಹೇಳಿ. ಹೊರಡುವ ಮುನ್ನ ಎಣ್ಣೆಯ ತಿಂಡಿ ಬೇಡ, ಹಗುರವಾದದ್ದನ್ನು ಕೊಡಿ. ದಾರಿಯಲ್ಲಿ ಅಂತ್ಯಾಕ್ಷರಿ, ಒಗಟು, ವಾಹನಗಳ ನಂಬರಿನ ಆಟ ಆಡಬಹುದು. ವಾಂತಿ ತಡೆಯುವ ಮಾತ್ರೆಯನ್ನು ವೈದ್ಯರನ್ನು ಕೇಳದೆ ಕೊಡಬಾರದು.

2. ಕಣ್ಣಿಗೆ ಬಯಲಿನ ಬೆಳಕು ಬೇಕು. ಚೀನಾದ ಗುವಾಂಗ್‌ಜೌ ನಗರದ ಶಾಲೆಗಳಲ್ಲಿ ಮೂರು ವರ್ಷ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ 40 ನಿಮಿಷ ಹೆಚ್ಚಾಗಿ ಬಯಲಿನಲ್ಲಿ ಕಳೆದ ಮಕ್ಕಳಲ್ಲಿ ನೂರಕ್ಕೆ ಸುಮಾರು 30 ಮಂದಿಗೆ ಸಮೀಪದೃಷ್ಟಿ ದೋಷ ಬಂದರೆ, ಉಳಿದವರಲ್ಲಿ ನೂರಕ್ಕೆ ಸುಮಾರು 40 ಮಂದಿಗೆ ಬಂದಿತ್ತು. ಆದ್ದರಿಂದ ಚಿತ್ರ ಬರೆಯುವ ಮಗು ಅಂಗಳದಲ್ಲಿ, ಗಿಡದ ನೆರಳಲ್ಲಿ ಕೂತು ಬರೆಯಲಿ.

3. ನಮ್ಮ ಕಡೆಯ ಮೇ ತಿಂಗಳ ಬಿಸಿಲನ್ನು ಹಗುರವಾಗಿ ತಿಳಿಯಬೇಡಿ. ಹೊರಗಿನ ಚಟುವಟಿಕೆ ಬೆಳಗ್ಗೆ 10ರೊಳಗೆ, ಸಂಜೆ 5ರ ಮೇಲೆ. ನಡುಹಗಲು ಚೀಲ ಬಿಚ್ಚುವ ಹೊತ್ತು. ಟೊಪ್ಪಿಗೆ, ಕುದಿಸಿ ಆರಿಸಿದ ನೀರು, ಮಜ್ಜಿಗೆ ಜೊತೆಗಿರಲಿ. ಔಷಧಿ ಚೀಲದಲ್ಲಿ ಓಆರ್‌ಎಸ್ ಪೊಟ್ಟಣ ಮರೆಯಬೇಡಿ. ಮೈ ಸುಡುತ್ತಿದ್ದು ಮಗು ಗೊಂದಲದಿಂದ ಮಾತಾಡಿದರೆ ನೆರಳಿಗೆ ಒಯ್ದು, ಮೈಗೆ ತಣ್ಣೀರು ಹಾಕಿ ಗಾಳಿ ಬೀಸುತ್ತ ಕೂಡಲೇ ಆಸ್ಪತ್ರೆಗೆ ಸಾಗಿಸಿ.

4. 6ರಿಂದ 12 ವರ್ಷದ ಮಗುವಿಗೆ ದಿನಕ್ಕೆ 9ರಿಂದ 12 ತಾಸು ನಿದ್ರೆ ಬೇಕು. ಹವ್ಯಾಸ ಎಷ್ಟೇ ಒಳ್ಳೆಯದಾದರೂ ರಾತ್ರಿಯ ನಿದ್ದೆ ಕದಿಯಬಾರದು.

5. ವಿಶ್ವ ಆರೋಗ್ಯ ಸಂಸ್ಥೆಯ 2019ರ ಸಲಹೆಯಂತೆ ಒಂದು ವರ್ಷದೊಳಗಿನ ಕೂಸಿಗೆ ಮೊಬೈಲ್, ಟಿ.ವಿ. ಬೇಡವೇ ಬೇಡ. 2ರಿಂದ 4 ವರ್ಷದವರಿಗೆ ದಿನಕ್ಕೆ ಒಂದು ತಾಸು ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ದೊಡ್ಡ ಮಕ್ಕಳಿಗೂ ಮಿತಿ ಹಾಕಿ. ಆದರೆ ಮಿತಿಯನ್ನು ತಂದೆ-ತಾಯಿ ಮೊದಲು ತಮಗೆ ಹಾಕಿಕೊಳ್ಳಬೇಕು.

6. ಮನೆಯಲ್ಲಿ ಮೂರು ವರ್ಷದೊಳಗಿನ ಕೂಸು ಇದ್ದರೆ ಮಣಿ, ಗೋಲಿ, ನಾಣ್ಯ ಅದರ ಕೈಗೆ ಸಿಗದಂತೆ ಡಬ್ಬಿಯಲ್ಲಿರಲಿ. ಆಟಿಕೆಯ ಗುಂಡಿಯಾಕಾರದ ಸಣ್ಣ ಬ್ಯಾಟರಿ ನುಂಗಿದರೆ ಕೆಲವೇ ತಾಸುಗಳಲ್ಲಿ ಅನ್ನನಾಳ ಸುಟ್ಟುಹೋಗುತ್ತದೆ. ಅದು ತುರ್ತು ಚಿಕಿತ್ಸೆಯ ಪ್ರಸಂಗ, ಕಾಯುವಂತಿಲ್ಲ. ಕತ್ತರಿ ಮೊಂಡಾದದ್ದಿರಲಿ. ಭೂತಗನ್ನಡಿಯಿಂದ ಸೂರ್ಯನನ್ನು ನೋಡಬಾರದೆಂದು ಮಗುವಿಗೆ ಸ್ಪಷ್ಟವಾಗಿ ಹೇಳಿ.

ಪಾಲಕರು ಪಾಲಿಸಬೇಕಾದದ್ದು

ಹೊರಡುವ ಎರಡು ದಿನ ಮೊದಲೇ ಚೀಲವನ್ನು ಮಗುವಿನ ಕೈಗೆ ಕೊಡಿ. ತಾನು ಹೊರಬಲ್ಲಷ್ಟನ್ನೇ ತುಂಬಬೇಕು ಎಂಬುದು ಒಂದೇ ಕಟ್ಟಳೆ. ತೂಕ, ಅಪಾಯ, ಬೇರೆಯವರಿಗೆ ಕಿರಿಕಿರಿ, ಈ ಮೂರು ಕಾರಣಕ್ಕೆ ಮಾತ್ರ ನೀವು ಬೇಡವೆನ್ನಬಹುದು. ಹೊಸದನ್ನು ಕೊಳ್ಳಬೇಕಾಗಿಲ್ಲ. ಹಳೆಯ ವಹಿಯ ಉಳಿದ ಹಾಳೆ, ಒಂದು ಸೀಸದಕಡ್ಡಿ, ವಾಚನಾಲಯದಿಂದ ತಂದ ಪುಸ್ತಕ ಸಾಕು. ನಾಲ್ವರು ಮಕ್ಕಳು ಒಟ್ಟಿಗಿದ್ದರೆ ಹುಲಿ-ಕುರಿ ಆಟಕ್ಕೆ ಹಂಚು, ಬೆಣಚುಕಲ್ಲು ಅಲ್ಲಿಯೇ ಸಿಗುತ್ತವೆ.

ದೇವಸ್ಥಾನ, ಊಟ, ನೆಂಟರ ಭೇಟಿಯ ಹೊತ್ತಿನಲ್ಲಿ ಮಗು ಎಲ್ಲರೊಂದಿಗೆ ಇರಬೇಕು. ಚೀಲದಲ್ಲಿ ಮುಖ ಹುದುಗಿಸಿ ಕೂಡುವುದಕ್ಕೆ ಪ್ರವಾಸ ಬೇಕಿಲ್ಲ ಎಂದು ಕೆಲವರು ಹೇಳುವುದರಲ್ಲಿ ಸತ್ಯವಿದೆ. ಆದರೆ ದೊಡ್ಡವರು ಊಟವಾದ ಮೇಲೆ ಮಾತಿಗೆ ಕೂಡುವ, ಮಲಗುವ ಹೊತ್ತು ದಿನದಲ್ಲಿ ಬೇಕಾದಷ್ಟಿರುತ್ತದೆ. ಆ ಹೊತ್ತು ಮಗುವಿಗೆ ಸೇರಿದ್ದು.

ಕೊನೆಯದಾಗಿ, ಮಗು ಚೀಲವನ್ನು ಒಮ್ಮೆಯೂ ಬಿಚ್ಚದೆ ವಾಪಸು ತಂದರೆ ಬೈಯಬೇಡಿ. ಅಲ್ಲಿ ಅದಕ್ಕೆ ಚಿಕ್ಕಮ್ಮನ ಮಕ್ಕಳು ಸಿಕ್ಕಿರಬಹುದು, ಬಾವಿಯ ನೀರು ಸಿಕ್ಕಿರಬಹುದು, ಕರು ಹಾಕಿದ ಎಮ್ಮೆ ಸಿಕ್ಕಿರಬಹುದು. ಅದೂ ಅದರ ಆಯ್ಕೆಯೇ. ಈ ಬೇಸಿಗೆಯಲ್ಲಿ ನೀವು ಎಲ್ಲಿಗೇ ಹೋಗಿ, ಔಷಧಿಯ ಚೀಟಿಯನ್ನು ವೈದ್ಯರಿಂದ ಬರೆಸಿಕೊಳ್ಳಿ. ಇನ್ನೊಂದು ಚೀಟಿಯನ್ನು ನಿಮ್ಮ ಮಗುವೇ ಬರೆಯಲಿ. ಅದರಲ್ಲಿ ಏನಿದೆಯೆಂದು ಓದಿ ನೋಡಿ. ನಿಮ್ಮ ಮಗುವಿಗೆ ಏನು ಪ್ರೀತಿ ಎಂಬುದು ಅದರಿಂದ ನಿಮಗೂ ತಿಳಿಯುತ್ತದೆ.